ಕಂಚಿನ ಕನ್ನಡಿಯಲ್ಲಿ ನರಗುಂದದ ಗುಡ್ಡ

ಅವ್ವ ತಲೆ ಕೆಳಗೆ ಕಾಲು ಮೇಲೆ ಮಾಡಿಕೊಂಡು ಹಿತ್ತಲ ಬಾಗಿಲಿನಿಂದ ಬರುತ್ತಿದ್ದಾಳೆ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣಗೆ, ಕೈಯಲ್ಲಿ ಮೊರ, ಮೊರದಲ್ಲಿ ಜೋಳ, ಒಂದು ಕಾಳೂ ಚೆಲ್ಲುತ್ತಿಲ್ಲ — ಕನ್ನಡಿ ಸರಿಯಾಗುತ್ತಿದೆ ಎಂದಾಯಿತು, ಹೊಸ್ತಿಲಿನ ಗೆರೆ ಡೊಂಕಿಲ್ಲದೆ ಕಾಣುತ್ತಿದೆ, ನಡುವೆ ಮಾತ್ರ ಇನ್ನೂ ಒಂದು ಮಂಕು, ಹಗೇವಿನ ಕಾವು ತಿಂದ ಮಂಕು, ಮಳೆಗಾಲವೆಲ್ಲ ನೆಲದೊಳಗೆ ಜೋಳದ ನಡುವೆ ಹುಗಿದಿಟ್ಟರೆ ಯಾವ ಲೋಹ ತಾನೇ ಮುಖ ಉಳಿಸಿಕೊಂಡೀತು. ಗೋಡೆಯ ಗೂಡಿಗೆ ಆನಿಸಿ ನಿಲ್ಲಿಸಿದ ಈ ತಗ್ಗುಮುಖದ ಕಂಚಿನ ಕನ್ನಡಿಯಿಂದ ಹಿಂದೆ ಹಿಂದೆ ಸರಿದು ಕಂಬಕ್ಕೆ ಬೆನ್ನು ಹಚ್ಚಿ ನೋಡುತ್ತಿದ್ದೇನೆ, ನನ್ನ ಹಿಂದೆ ನಡೆದುಹೋದ ಅವ್ವನಿಗೆ ತಾನು ತಲೆಕೆಳಗಾಗಿ ನಡೆದದ್ದು ಗೊತ್ತಿಲ್ಲ, ಅವಳು ಈ ಕಡೆ ನೋಡುವುದೇ ಇಲ್ಲ, ಅಪ್ಪ ಹೋದ ದಿನದಿಂದ ಅವ್ವ ಕನ್ನಡಿ ನೋಡಿದವಳಲ್ಲ, ಗಂಡನಿಲ್ಲದವಳು ನೋಡಬಾರದು ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡವಳು ಬಾವಿಯ ನೀರಿನಲ್ಲೂ ಮುಖ ಕಾಣಬಾರದೆಂದು ಮೊದಲು ಕೊಡ ಬಿಟ್ಟು ನೀರು ಕಲಕುತ್ತಾಳೆ, ಆಮೇಲೆ ಬಗ್ಗುತ್ತಾಳೆ — ಅಂಥ ಅವ್ವ ಈ ಮುಂಜಾನೆ ಬೀಸುವ ಕಲ್ಲಿನ ಮುಂದೆ ಕೂತು ಹೇಳಿಬಿಟ್ಟಳು, ಕಳಕಪ್ಪ, ಇವತ್ತ ಸಂಜಿಗೆ ನಿನ್ನ ದುರ್ಬೀನ್ಯಾಗ ಆ ಬಾಲದ ಚಿಕ್ಕಿ ನಾನೂ ನೋಡತೀನಿ. ಅದರಾಗ ಕನ್ನಡಿ ಐತವ್ವಾ ಅಂದೆ. ಇದ್ದರ ಏನಾತು, ಅದರಾಗ ನನ್ನ ಮುಖಾ ಕಾಣೂದಿಲ್ಲಲ್ಲ ಅಂದಳು, ಆ ಚಿಕ್ಕಿ ಊರಿಗೆಲ್ಲಾ ಕಾಣತೈತಿ, ನನ್ನ ದ್ಯಾಮ್ಯಾ ಎಲ್ಲಿದ್ದರೂ ಅಲ್ಲಿಗೂ ಕಾಣತೈತಿ, ಅಂವನೂ ನೋಡತಾನ, ನಾನೂ ನೋಡಿದರ ತಾಯಿ ಮಗನ ಕಣ್ಣು ಒಂದ ಕಡೆ ಕೂಡತಾವ. ಹೂಂ ಅಂದವನು ಕನ್ನಡಿ ಉಜ್ಜುವ ಕಾವಿ ಕಲಸಲು ಎದ್ದೆ.

ಬೇಡ ಎಂದು ಹೇಗೆ ಹೇಳಲಿ, ಹೇಳಿದರೆ ಯಾಕೆ ಎನ್ನುತ್ತಾಳೆ, ಅವ್ವ ಯಾಕೆ ಎಂದರೆ ಅರ್ಧ ಉತ್ತರಕ್ಕೆ ಬಿಡುವವಳಲ್ಲ. ಈ ದುರ್ಬೀನು ಎಲ್ಲವನ್ನೂ ತಲೆಕೆಳಗು ತೋರಿಸುತ್ತದೆ, ಅಷ್ಟೇ ಸಂಗತಿ, ಕನ್ನಡಿಯ ದುರ್ಬೀನುಗಳೆಲ್ಲ ಹಾಗೆಯೇ, ಬೆಟಗೇರಿಯ ಪಾದ್ರಿಯದೂ ಹಾಗೆಯೇ, ಚುಕ್ಕಿ ನೋಡುವವನಿಗೆ ಅದರಿಂದ ಏನೂ ತೊಂದರೆಯಿಲ್ಲ, ಚಂದ್ರ ತಲೆಕೆಳಗಾದರೂ ಚಂದ್ರನೇ. ಆದರೆ ಬಾಲದ ಚುಕ್ಕಿಗೆ ಬಾಲವಿದೆ. ಬರಿಗಣ್ಣಿಗೆ ಆ ಬಾಲ ಪಡುವಣದಲ್ಲಿ ಮೇಲಕ್ಕೆ ನಿಂತಿರುತ್ತದೆ, ದುರ್ಬೀನಿನಲ್ಲಿ ಕೆಳಕ್ಕೆ ಜೋಲುತ್ತದೆ, ಅವ್ವ ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ನೋಡಿದರೆ ಸಾಕು, ಜೋಳದೊಳಗಿನ ಹರಳನ್ನು ನೋಡದೆಯೇ ಆರಿಸುವವಳು, ಅವಳಿಗೆ ಗೊತ್ತಾಗಿಬಿಡುತ್ತದೆ, ಇದರಲ್ಲಿ ಮೇಲೆ ಕಂಡದ್ದು ಕೆಳಗಿನದು, ಹತ್ತಿದ್ದು ಕಂಡರೆ ಇಳಿದದ್ದು, ಆಮೇಲೆ ಕಾರಹುಣ್ಣಿಮೆಗೆ ಮುಂಚಿನ ಆ ಮುಂಜಾನೆಯನ್ನು ನೆನೆಸಿಕೊಳ್ಳುತ್ತಾಳೆ, ನರಗುಂದ ಸರಕಾರದ ದಂಡಿಗೆ ಬಿದ್ದ ಮರುದಿನ, ನಾನು ಇದೇ ದುರ್ಬೀನಿಗೆ ಕಣ್ಣು ಹಚ್ಚಿ ಕೂಗಿದ ಮಾತನ್ನು ನೆನೆಸಿಕೊಳ್ಳುತ್ತಾಳೆ — ಯಾರೋ ಗುಡ್ಡಾ ಹತ್ತಾಕತ್ತಾರವ್ವಾ. ಆ ಒಂದು ಮಾತಿನ ಮೇಲೆ ನನ್ನ ತಮ್ಮ ದ್ಯಾಮಪ್ಪ ಬದುಕಿದ್ದಾನೆ, ನಮ್ಮ ಮನೆಯ ಮಟ್ಟಿಗೆ, ಅಸೂಟಿ ಊರಿನ ಮಟ್ಟಿಗೆ. ಆ ಮಾತಿನ ಮೇಲೆ ಅವನ ಹೆಂಡತಿ ನೀಲವ್ವನ ಕೈಯಲ್ಲಿ ಹಸಿರು ಬಳೆ ಇವೆ, ಹಣೆಯಲ್ಲಿ ಕುಂಕುಮವಿದೆ, ನಾಡಿದ್ದು ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆಲ್ಲ ಎಡೆ ಇಡುವಾಗ ಅವನ ಹೆಸರಿನ ಎಡೆ ಇಡುವುದಿಲ್ಲ. ನನಗೆ ಹೆದರಿಕೆಯಾಗಿದೆ, ಅದನ್ನು ಬೇರೆ ಹೆಸರಿನಿಂದ ಕರೆದು ಪ್ರಯೋಜನವಿಲ್ಲ.

ಮಂಕು ಮೊದಲು ತೆಗೆಯಬೇಕು. ಒರಳಕಲ್ಲಿನ ಮೇಲೆ ಹೊಯ್ದ ರಾಳದ ಹಾಸು ಬಿಸಿಲಿಗೆ ಮೆತ್ತಗಾಗಿದೆ, ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತದೆ, ಇಷ್ಟು ಸಾಕು, ಇದಕ್ಕಿಂತ ಮೆತ್ತಗಾದರೆ ಕನ್ನಡಿಯ ಅಂಚು ಸವೆದುಹೋಗುತ್ತದೆ — ಕಾವಿಯ ನೀರು ಸವರು, ಕನ್ನಡಿಯನ್ನು ಮಗುಚಿ ಇಡು, ಮುಂದೆ ತಳ್ಳು, ಹಿಂದೆ ಎಳೆ, ಒಂದಿಷ್ಟು ತಿರುಗಿಸು, ನೀನೂ ಒಂದು ಹೆಜ್ಜೆ ಸರಿ. ಹೀಗೆ ಒರಳಕಲ್ಲಿನ ಸುತ್ತ ತಿರುಗುವುದನ್ನು ನೋಡಿ ಊರಿನವರು ಎಷ್ಟು ನಕ್ಕರು, ಏ ಕಳಕಪ್ಪ, ಇಷ್ಟ ದಿನಾ ಬೀಸಿದಿ, ಹಿಟ್ಟ ಎಲ್ಲೈತೋ. ನಗಲಿ. ಹೆಂಡತಿ ವಾಂತಿಭೇದಿಯಲ್ಲಿ ತೀರಿದ ಮೇಲೆ ಸಂಜೆಯ ಹೊತ್ತು ಕಳೆಯಲು ಕೆಲವರು ಭಜನೆಗೆ ಹೋಗುತ್ತಾರೆ, ಕೆಲವರು ಎಲೆ ಆಡಲು ಹೋಗುತ್ತಾರೆ, ನಾನು ಕಂಚು ಉಜ್ಜಿದೆ. ಹತ್ತಿಯ ಗಾಡಿ ಹೊಡೆದುಕೊಂಡು ಗದಗಿಗೆ ಹೋದವನು ಪಕ್ಕದ ಬೆಟಗೇರಿಯಲ್ಲಿ ಪಾದ್ರಿಯ ಅಂಗಳದಲ್ಲಿ ದುರ್ಬೀನಿಗೆ ಕಣ್ಣು ಹಚ್ಚಿದ್ದೇ ಕೆಟ್ಟಿತು, ಗುರುಗ್ರಹದ ಪಕ್ಕ ಸಾಲಾಗಿ ಕೂತ ಆ ಸಣ್ಣ ಚುಕ್ಕಿಗಳನ್ನು ನೋಡಿದ ಮೇಲೆ ಹತ್ತಿ ಮಾರಿದ ಧಾರಣೆ ಎಷ್ಟು ಎಂದು ಮನೆಯಲ್ಲಿ ಕೇಳಿದರೆ ನನಗೆ ನೆನಪಿರಲಿಲ್ಲ. ತಾಮ್ರ ಎರಡು ಪಾಲು, ತವರ ಒಂದು ಪಾಲು, ಎರಕ ಹೊಯ್ಯಿಸಿ ಉಜ್ಜಿಕೊಳ್ಳಿ, ಕಷ್ಟವೇನಿಲ್ಲ, ತಾಳ್ಮೆ ಬೇಕು ಎಂದು ಪಾದ್ರಿ ತನ್ನ ಪುಸ್ತಕದಂಥ ಕನ್ನಡದಲ್ಲಿ ಹೇಳಿ ಎರಡು ಸಣ್ಣ ಮಸೂರ ಕೈಗಿಟ್ಟ. ಕಷ್ಟವೇನಿಲ್ಲವಂತೆ.

ಈ ಲೋಹ ಅವ್ವನದು, ಲಗ್ನದಲ್ಲಿ ಅವಳ ತವರಿನವರು ಮುಶಿಗೇರಿಯಿಂದ ಹೊರಿಸಿ ಕಳಿಸಿದ ಕಂಚಿನ ಗಂಗಾಳಗಳು, ಅಪ್ಪ ಅದರಲ್ಲೇ ಉಣ್ಣುತ್ತಿದ್ದ, ಅಪ್ಪ ಹೋದ ಮೇಲೆ ಅವು ಅಟ್ಟ ಸೇರಿದವು, ತಗೊಂಡ ಹೋಗು, ಉಣ್ಣಾಕಂತೂ ಯಾರೂ ಇಲ್ಲ, ನೋಡಾಕರ ಬರಲಿ ಎಂದು ಅವ್ವನೇ ಇಳಿಸಿಕೊಟ್ಟಳು. ರೋಣದ ಸಂತೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಕಾಶೀಂಬಿಯ ಹತ್ತಿರ ತವರ ಕೊಂಡೆ, ಗಜೇಂದ್ರಗಡದ ಕಂಚುಗಾರ ಗವಿಸಿದ್ದಪ್ಪನ ಕುಲುಮೆಗೆ ಒಯ್ದೆ. ಎರಕ ಚಲೋ ಬಂತು, ಅಚ್ಚು ಒಡೆದಾಗ ಕೆಂಪಗೆ ತುಂಬಿಕೊಂಡು ಕೂತಿತ್ತು, ನಾನು ಸಮಾಧಾನದಿಂದ ಉಸಿರು ಬಿಟ್ಟೆ, ಅಷ್ಟರಲ್ಲಿ ಗವಿಸಿದ್ದಪ್ಪ ಇಕ್ಕಳದಲ್ಲಿ ಎತ್ತಿ ಪಕ್ಕದ ನೀರಿನ ದೋಣಿಗೆ ಅದ್ದಿಬಿಟ್ಟ. ಟಣ್ ಎಂದು ಮೂರು ಹೋಳು. ಗಂಗಾಳವಾದರೆ ಕಾದಾಗ ನೀರಿಗೆ ಅದ್ದಲೇಬೇಕು, ಇಲ್ಲದಿದ್ದರೆ ಸುತ್ತಿಗೆ ಪೆಟ್ಟಿಗೆ ಸೀಳುತ್ತದೆ, ಅದು ಅವರ ಅಪ್ಪ ಅಜ್ಜನ ಪದ್ಧತಿ, ಇದಕ್ಕೆ ಮಾತ್ರ ನೀರು ಸೋಕಬಾರದು ಎಂದು ಅವನಿಗೆ ಮೊದಲೇ ಹೇಳಿದ್ದೆ, ಅವನೂ ಹೂಂ ಹೂಂ ಎಂದಿದ್ದ. ಇಕ್ಕಳ ಹಿಡಿದುಕೊಂಡೇ ನಿಂತಿದ್ದ, ನನಗ ಗೊತ್ತಿತ್ತರಿ, ಕೈಗೆ ಗೊತ್ತಿರಲಿಲ್ಲರಿ ಅಂದ. ಅವತ್ತು ನನಗೆ ಸಿಟ್ಟು ಬಂದಿತ್ತು, ಈಗ ಬರುವುದಿಲ್ಲ, ಅವನ ಕೈ ಮಾಡಿದ್ದನ್ನೇ ಆಮೇಲೆ ನನ್ನ ನಾಲಿಗೆ ಮಾಡಿತು. ಹೋಳುಗಳನ್ನೇ ಮತ್ತೆ ಕರಗಿಸಿ ಹೊಯ್ದೆವು, ಕುಳ್ಳಿನ ಬೂದಿಯಲ್ಲಿ ಮುಚ್ಚಿಟ್ಟೆವು, ತಾನಾಗಿಯೇ ಆರುವ ತನಕ ಯಾರೂ ಮುಟ್ಟಲಿಲ್ಲ, ಗವಿಸಿದ್ದಪ್ಪ ನೀರಿನ ದೋಣಿಯನ್ನೇ ಬೋರಲು ಹಾಕಿ ಅದರ ಮೇಲೆ ಕೂತಿದ್ದ.

ಮುಂದೆ ತಳ್ಳು, ಹಿಂದೆ ಎಳೆ. ದ್ಯಾಮಪ್ಪ ಯುಗಾದಿಗೆ ಬಂದಾಗ ಎರಡು ದಿನ ಅವನೂ ಉಜ್ಜಿದ, ನರಗುಂದದ ಅರಸರ ಸಿಪಾಯಿ, ಹುರಿಮೀಸೆ, ಬಿಳೀ ರುಮಾಲು, ನೆಲ ಉಳುವುದೆಂದರೆ ಬೇಸರ, ಎತ್ತರ ಕಂಡರೆ ಹತ್ತುವವನು, ಹುಡುಗನಿದ್ದಾಗ ಗಜೇಂದ್ರಗಡದ ಗುಡ್ಡವನ್ನು ಮೆಟ್ಟಿಲು ಬಿಟ್ಟು ಬಂಡೆಯ ಕಡೆಯಿಂದ ಹತ್ತಿ ಅವ್ವನಿಂದ ಬಡಿಸಿಕೊಂಡಿದ್ದ. ಕನ್ನಡಿಯನ್ನು ಗೂಡಿಗೆ ನಿಲ್ಲಿಸಿ ದೂರ ನಿಂತು ತನ್ನನ್ನು ನೋಡಿಕೊಂಡು ನಕ್ಕೂ ನಕ್ಕೂ ಕೆಮ್ಮಿದ, ಅಣ್ಣಾ, ಇದರಾಗ ನಿನ್ನ ತಮ್ಮನ ಮೀಸಿ ಕೆಳಗಾಗ್ಯಾವಲ್ಲೋ, ಬ್ಯಾರೇ ಕನ್ನಡಿ ಮಾಡು. ನೀಲವ್ವ ಬಾಗಿಲ ಮರೆಯಲ್ಲಿ ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದಳು, ಬರಲಿಲ್ಲ, ಭಾವನ ಮುಂದೆ ಗಂಡನ ಜೊತೆ ನಗುವ ರೂಢಿಯಿಲ್ಲ. ಹೊರಡುವಾಗ ಹೇಳಿದ, ಇದು ಮುಗದ ಮ್ಯಾಲ ಮಾಳಿಗಿ ಮ್ಯಾಗಿಂದ ನಮ್ಮ ಕೋಟಿ ನೋಡು, ನಾನು ಬುರುಜಿನ ಮ್ಯಾಲ ನಿಂತು ರುಮಾಲಾ ಬೀಸತೀನಿ. ಅಷ್ಟು ದೂರಕ್ಕೆ ರುಮಾಲು ಚುಕ್ಕಿಯಷ್ಟೂ ಕಾಣುವುದಿಲ್ಲ ಅಂದೆ. ಚುಕ್ಕಿ ನೋಡಾಕ ಅಲ್ಲೇನ ಮಾಡಿದ್ದು ಅಂದ. ಅವನಿಗೆ ಯಾವಾಗಲೂ ಒಂದು ಮಾತು ಹೆಚ್ಚಿಗೆ, ಅವನ ಮಾತು ಕೇಳದೆ ಮನೆ ಬಿಕೋ ಎನ್ನುತ್ತದೆ, ಅವನಿಲ್ಲದೆ ನನಗೆ ಬಹಳ ಸಂಕಟವಾಗಿದೆ.

ಬಡಿಗೇರ ಸಾಗವಾನಿ ಹಲಗೆಯ ಎಂಟು ಮೂಲೆಯ ಕೊಳವೆ ಕಟ್ಟಿಕೊಟ್ಟ, ಕಬ್ಬಿಣದ ಪಟ್ಟಿ ಬಿಗಿದ, ಮಾಳಿಗೆಯ ಮೇಲೆ ಏರಿಸಿದೆವು, ಗುರುವನ್ನು ನೋಡಬೇಕು ಎನ್ನುವಷ್ಟರಲ್ಲಿ ನರಗುಂದದ ಸುದ್ದಿ ಬಂತು, ಅರಸರು ಕುಂಪಣಿ ಸರಕಾರದ ಮೇಲೆ ಎದ್ದರಂತೆ, ಧಾರವಾಡದಿಂದ ದಂಡು ಹೊರಟಿದೆಯಂತೆ. ಆಮೇಲೆ ಚುಕ್ಕಿ ಯಾರಿಗೆ ಬೇಕು. ಕರೀ ನೆಲ ಚಪ್ಪಟೆ, ನಡುವೆ ಅಡ್ಡ ಏನೂ ಇಲ್ಲ, ಮುಂಜಾನೆ ಸೂರ್ಯ ನಮ್ಮ ಬೆನ್ನಿಗೆ ಹುಟ್ಟಿದಾಗ ನರಗುಂದದ ಗುಡ್ಡದ ಮುಖದ ಮೇಲೆ ನೇರ ಬೆಳಕು ಬೀಳುತ್ತದೆ, ಬಿಸಿಲು ಏರಿ ನೆಲ ನಡುಗಲು ಶುರುವಾಗುವ ಮೊದಲು ನೋಡಿಬಿಡಬೇಕು. ದಿನಾ ಹತ್ತುತ್ತಿದ್ದೆವು, ನಾನೂ ಅವ್ವನೂ, ನಾನು ಕಣ್ಣು ಹಚ್ಚುತ್ತಿದ್ದೆ, ಕನ್ನಡಿ ಎಂದು ಅವ್ವ ಕೊಳವೆಗೆ ಬೆನ್ನು ತಿರುಗಿಸಿ ಸೂರ್ಯನ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು, ಬಾವುಟಾ ಐತೇನೋ. ಐತವ್ವಾ. ಬಾವುಟ ಇದ್ದರೆ ಕೋಟೆ ಇದೆ, ಕೋಟೆ ಇದ್ದರೆ ದ್ಯಾಮ್ಯಾ ಇದ್ದಾನೆ, ಇದು ಅವಳ ಲೆಕ್ಕ. ದುರ್ಬೀನಿನಲ್ಲಿ ಹೊಲ ಮೇಲಿರುತ್ತದೆ, ಹೊಲಕ್ಕೆ ಗುಡ್ಡ ಜೋತುಬಿದ್ದಿರುತ್ತದೆ, ಎಲ್ಲಕ್ಕಿಂತ ಕೆಳಗೆ ಕೋಟೆ, ಕೋಟೆಯ ಕೆಳಗೆ ಆಕಾಶ, ಆಕಾಶದಲ್ಲಿ ಕೆಳಮುಖವಾಗಿ ಒಂದು ಕಾಳಿನಷ್ಟು ಬಾವುಟ, ನಾನು ಅದನ್ನೆಲ್ಲ ಮನಸ್ಸಿನಲ್ಲಿ ಮಗುಚಿ ನೆಟ್ಟಗೆ ಮಾಡಿ ಅವ್ವನಿಗೆ ಹೇಳುತ್ತಿದ್ದೆ, ಒಂದು ದಿನವೂ ತಪ್ಪಲಿಲ್ಲ, ಅದನ್ನು ಅವಳಿಗೆ ಯಾಕೆ ಬಿಡಿಸಿ ಹೇಳಬೇಕು ಎಂದು ಹೇಳಲಿಲ್ಲ, ತಲೆಕೆಳಗಾದ ಕೋಟೆ ಎಂದರೆ ಅಪಶಕುನ ಎನ್ನುತ್ತಿದ್ದಳು.

ಆ ಮುಂಜಾನೆ ಗಾಳಿ ಇರಲಿಲ್ಲ. ಹಿಂದಿನ ದಿನ ಪಡುವಣದಲ್ಲಿ ಗುಡುಗಿದ್ದು ಮಳೆಯಲ್ಲ ತೋಪು ಎಂದು ಊರಿಗೆಲ್ಲ ಗೊತ್ತಾಗಿತ್ತು, ಯಾರ ಮನೆಯಲ್ಲೂ ಸರಿಯಾಗಿ ಒಲೆ ಹತ್ತಿರಲಿಲ್ಲ. ಕಣ್ಣು ಹಚ್ಚಿದೆ, ಬಂಡೆಯ ಬಿರುಕುಗಳೂ ಕಾಣುವಷ್ಟು ಚೊಕ್ಕ, ಗಂಗಾಳದ ಕಂಚು ಅಷ್ಟು ಚೊಕ್ಕ ಅದಕ್ಕಿಂತ ಮೊದಲು ತೋರಿಸಿರಲಿಲ್ಲ, ಬಾವುಟ ಹುಡುಕಿದೆ, ಇರಲಿಲ್ಲ, ಬಾವುಟಾ ಐತೇನೋ, ತಡಿಯವ್ವಾ, ಮತ್ತೆ ಹುಡುಕಿದೆ, ಐತೇನೋ, ತಡೀ — ಆಗ ಒಂದು ಬಿಳೀ ಚುಕ್ಕಿ. ಕೋಟೆಯ ಗೋಡೆಯ ಅಂಚಿನಲ್ಲಿತ್ತು, ಅಲ್ಲಿಂದ ಬಂಡೆಯ ಮುಖದ ಮೇಲೆ ಮೇಲಕ್ಕೆ ಹೊರಟಿತು. ಬಾವುಟ ಕಾಣದೆ ಎದೆ ಒಡೆದುಕೊಂಡಿದ್ದವನಿಗೆ ಏನಾದರೂ ಹೇಳಲು ಸಿಕ್ಕಿತಲ್ಲ ಎಂಬ ಅವಸರ, ನಾಲಿಗೆ ಹೊರಗೆ ಹಾಕಿಬಿಟ್ಟಿತು, ಯಾರೋ ಗುಡ್ಡಾ ಹತ್ತಾಕತ್ತಾರವ್ವಾ, ಬಿಳೀ ಅರಿವಿ, ಭಾಳ ಲಗೂ ಹತ್ತಾಕತ್ತಾರ. ಅವ್ವ ಚೀರಿದಳು, ದ್ಯಾಮ್ಯಾ! ನನ್ನ ದ್ಯಾಮ್ಯಾನ ಅಂವ, ಅಂವನ್ನ ಬಿಟ್ಟರ ಹಂಗ ಯಾರು ಹತ್ತತಾರ, ದಂಡಿನ ಕೈಯಾಗಿಂದ ಪಾರಾದ, ಮ್ಯಾಲ ಕೋಟಿ ಮುಟ್ಟಿದ. ನಿಚ್ಚಣಿಕೆ ಇಳಿಯುತ್ತಲೇ ಕೂಗುತ್ತಿದ್ದಳು, ನೀಲವ್ವಾ, ಏ ನೀಲವ್ವಾ, ನಿನ್ನ ಗಂಡ ಪಾರಾದನಬೇ. ಚುಕ್ಕಿ ಬಂಡೆಯ ತುದಿ ಮುಟ್ಟಿ ಹೊಲದ ಕಪ್ಪಿನಲ್ಲಿ ಇಲ್ಲವಾಯಿತು. ಗುಡ್ಡದ ಮೇಲೆ ಹೊಲ ಎಲ್ಲಿಂದ ಬಂತು ಎಂದುಕೊಂಡೆ, ಆಗ ಮನಸ್ಸು ಮಗುಚಿತು. ಹತ್ತುವವನು ಅಷ್ಟು ಬೇಗ ಹತ್ತುವುದಿಲ್ಲ. ಒಂದು ಉಸಿರು ಹಿಡಿದು ಬಿಡುವುದರೊಳಗೆ ಯಾರೂ ಅಷ್ಟು ಬಂಡೆ ಹತ್ತುವುದಿಲ್ಲ. ಕೆಳಗೆ ಅಂಗಳದಲ್ಲಿ ನೀಲವ್ವ ಅಳುವುದೂ ನಗುವುದೂ ಒಟ್ಟಿಗೆ ಕೇಳುತ್ತಿತ್ತು, ನಾನು ಬಹಳ ಹೊತ್ತು ಮಾಳಿಗೆಯಿಂದ ಇಳಿಯಲಿಲ್ಲ, ಕಡೆಗೆ ಇಳಿದಾಗ ಅವ್ವ ನನ್ನ ಬಾಯಿಗೆ ಬೆಲ್ಲ ತುರುಕಿದಳು, ನುಂಗಿದೆ.

ಅದು ಅವನೇ ಎಂದು ಯಾರು ಹೇಳಿದರು. ಯಾರೂ ಹೇಳಿಲ್ಲ. ಕೋಟೆಯಲ್ಲಿ ಬಿಳೀ ಬಟ್ಟೆಯವರು ಎಷ್ಟು ಮಂದಿ ಇದ್ದರೋ, ಅದು ಮನುಷ್ಯನೇ ಎಂದು ಯಾಕೆ, ಗೋಡೆಯ ಮೇಲಿಂದ ಜಾರಿದ ಅರಿವೆ ಇರಬಹುದು, ರುಮಾಲು ಇರಬಹುದು — ಅರಿವೆಯಾದರೆ ತೇಲಬೇಕು, ಅದು ತೇಲಲಿಲ್ಲ, ನೆಟ್ಟಗೆ ಹೋಯಿತು. ರಾತ್ರೋರಾತ್ರಿ ಕೋಟೆ ಖಾಲಿ ಮಾಡಿ ಓಡಿಹೋದವರು ಬಹಳ ಮಂದಿ, ನಿಜಾಮರ ಸೀಮೆಗೆ ಹೋಗಿ ಹೆಸರು ಬದಲಿಸಿಕೊಂಡಿದ್ದಾರೆ ಎನ್ನುತ್ತಾರೆ, ಅವರಲ್ಲಿ ಅವನಿದ್ದಾನೋ ಏನೋ. ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆ, ಬಳೆಗಾರ ಬಂದ ದಿನ ಅವ್ವ ನೀಲವ್ವನಿಗೆ ಮುಂಗೈ ತುಂಬ ಹೊಸ ಬಳೆ ಇಡಿಸಿದಳು, ಪಾರಾದಂವನ ಹೇಣತಿ, ಬೋಳಗೈಲೆ ಯಾಕಿರಬೇಕು, ಆಗ ಬಾಯಿ ಮುಚ್ಚಿಕೊಂಡೆ. ಸರಕಾರದವರು ಊರೂರಿಗೆ ಬಂದು ಬಂದೂಕು ಕತ್ತಿ ಎಲ್ಲ ಕಸಿದುಕೊಳ್ಳುವಾಗ ಗೌಡರು ಓಡಿ ಬಂದರು, ಏ ಕಳಕಪ್ಪ, ನಿನ್ನ ಚಿಕ್ಕಿ ನೋಡೂ ಕೊಳವಿ ಅವರ ಕಣ್ಣಿಗೆ ತೋಪು ಕಾಣತೈತಿ, ಊರಿಗೂರ ಸುಡಿಸತಿ, ಮುಚ್ಚಿಡು. ಕೊಳವೆ ಬಿಚ್ಚಿ ಹಲಗೆಯನ್ನು ದನದ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದೆ, ಕನ್ನಡಿಯನ್ನು ಹಗೇವಿನಲ್ಲಿ ಜೋಳದ ಕೆಳಗೆ ಹುಗಿದೆ, ಅದು ಅಲ್ಲೇ ಕೊಳೆತುಹೋಗಲಿ ಎಂದು ಅವತ್ತು ನಿಜವಾಗಿ ಅನಿಸಿತ್ತು, ಬಾಲದ ಚುಕ್ಕಿ ಹುಟ್ಟದಿದ್ದರೆ ತೆಗೆಯುತ್ತಿರಲಿಲ್ಲ. ಆದರೆ ಹುಟ್ಟಿತು, ಎಂಥ ಚುಕ್ಕಿ, ಬಾಲ ಅರ್ಧ ಪಡುವಣಕ್ಕೆ ಬಾಗಿದೆ, ಇಂಥದ್ದು ಇನ್ನೊಮ್ಮೆ ಬರುವ ತನಕ ನಾನಿರುವುದಿಲ್ಲ, ಆಸೆ ತಡೆಯಲಿಲ್ಲ, ಹಗೇವು ತೆಗೆಸಿದೆ.

ಮಂಕು ಹೋಯಿತು. ಹೋಗದಿದ್ದರೆ ಚೆನ್ನಾಗಿತ್ತು, ಇವತ್ತು ಆಗುವುದಿಲ್ಲವ್ವ ಎಂದು ಹೇಳಬಹುದಿತ್ತು. ಈಗ ಕೈಜಾರಿ ಕೆಡವಿದರೂ ಸಾಕು, ಈ ಲೋಹ ಗಾಜಿನ ಹಾಗೆ ಒಡೆಯುತ್ತದೆ — ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡೆ, ಒಂದು ಗಳಿಗೆ ಕಲ್ಲುಹಾಸಿನ ಮೇಲೆಯೇ ಹಿಡಿದುಕೊಂಡೆ, ಆಗಲಿಲ್ಲ, ಕೆಡವಲು ಮನಸ್ಸಾಗಲಿಲ್ಲ. ಬೇರೆ ಉಪಾಯ ಮಾಡಿದೆ, ಅವ್ವನಿಗೆ ಸ್ವಾತಿ ನಕ್ಷತ್ರವನ್ನು ತೋರಿಸಿ ಇದೇ ಬಾಲದ ಚುಕ್ಕಿ, ಹತ್ತಿರಕ್ಕೆ ಬಂದರೆ ಬಾಲ ಕಾಣುವುದಿಲ್ಲ ಎಂದುಬಿಡುವುದು, ಬರೀ ಚುಕ್ಕಿಗೆ ಮೇಲೆ ಕೆಳಗೆ ಏನಿದೆ, ಹೇಗೆ ಮಗುಚಿದರೂ ಒಂದೇ. ಕೊಳವೆ ಕಟ್ಟಿ ಮಾಳಿಗೆಗೆ ಏರಿಸಿದೆ, ಸೂರ್ಯ ಮುಳುಗಿದ, ಕೆಂಪು ಆರುವ ಮೊದಲೇ ಅದು ಕಂಡಿತು, ಊರಿನವರು ಒಬ್ಬರ ಹಿಂದೊಬ್ಬರು ನಿಚ್ಚಣಿಕೆ ಹತ್ತುತ್ತಿದ್ದಾರೆ, ಗೌಡರು ಮೊದಲು, ಕಣ್ಣು ಹಚ್ಚಿ ಅಬಾಬಾ ಎನ್ನುತ್ತಾರೆ, ಒಬ್ಬೊಬ್ಬರೂ ಅಬಾಬಾ ಎಂದು ಇಳಿಯುತ್ತಾರೆ, ಬಾಲ ಎತ್ತ ಇದೆ ಎಂದು ಯಾರಿಗೂ ಬೇಕಾಗಿಲ್ಲ, ಅವರ್ಯಾರ ಮಗನೂ ಆ ಗುಡ್ಡದ ಮೇಲಿರಲಿಲ್ಲ. ನಾನು ಸ್ವಾತಿಯನ್ನು ಹುಡುಕುತ್ತೇನೆ. ಅದು ಎಲ್ಲಿದೆ, ನಿನ್ನೆ ಬೇರೆಯಾಗಿಯೇ ಇತ್ತಲ್ಲ — ಇವತ್ತು ಬಾಲದ ಚುಕ್ಕಿ ಸರಿದು ಸರಿದು ಸ್ವಾತಿಯ ಮೈಮೇಲೆ ಬಂದು ನಿಂತಿದೆ, ಬಾಲದ ಬುಡದೊಳಗೆ ಸ್ವಾತಿ ಹೊಳೆಯುತ್ತಿದೆ, ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸಲು ಬರುವುದಿಲ್ಲ.

ಎಲ್ಲರೂ ಇಳಿದ ಮೇಲೆ ಅವ್ವ ಹತ್ತಿದಳು. ಸೀರೆಯ ಸೆರಗು ಬಿಗಿದು, ನನ್ನ ಭುಜದ ಮೇಲೆ ಕೈಯಿಟ್ಟು, ಯಾವ ಕಣ್ಣಲೆ ನೋಡಬೇಕೋ. ಯಾವುದರಲೆರ ನೋಡವ್ವಾ. ಬಗ್ಗಿದ್ದಾಳೆ, ಬಹಳ ಹೊತ್ತು, ಅವಳ ಕೈ ನನ್ನ ಭುಜದ ಮೇಲೆ ಹಗುರಾಗಿಯೇ ಇದೆ. ತಲೆ ಎತ್ತಿ ಆಕಾಶ ನೋಡಿದಳು. ಮತ್ತೆ ಬಗ್ಗಿದಳು. ಮತ್ತೆ ಆಕಾಶ. ಭುಜದ ಮೇಲಿನ ಕೈ ಭಾರವಾಯಿತು. ಬಾಲ ಕೆಳಗೈತಲ್ಲೋ. ಹೌದವ್ವಾ. ಮ್ಯಾಲಿಂದು ಕೆಳಗ ತೋರಸತೈತಿ. ಹೌದವ್ವಾ. ಬಾಲದ ಚಿಕ್ಕಿ ಅಷ್ಟನೋ, ಎಲ್ಲಾನೋ. ಎಲ್ಲಾ, ಅವ್ವಾ. ಗುಡ್ಡಾನೂ. ಗುಡ್ಡಾನೂ. ಅವಳು ಮುಷ್ಟಿ ಕಟ್ಟಿ ನನ್ನ ಎದೆಗೆ ಒಂದು ಗುದ್ದಿದಳು, ಇನ್ನೊಂದು ಗುದ್ದಲು ಎತ್ತಿದ ಕೈ ಹಾಗೆಯೇ ಇಳಿಯಿತು, ನನ್ನ ಲಗ್ನದ ಗಂಗಾಳ ಕೊಟ್ಟಿದ್ದೆನಲ್ಲೋ ನಿನಗ ಅಂದಳು, ಕೊಳವೆಗೆ ಬೆನ್ನು ಕೊಟ್ಟು ಕುಸಿದು ಕೂತಳು. ಕೆಳಗೆ ನೀಲವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಬಡಿತದ ಜೊತೆ ಬಳೆಗಳ ಸದ್ದು ಇಲ್ಲಿಯ ತನಕ ಕೇಳುತ್ತದೆ, ಅವ್ವ ಅದನ್ನು ಕೇಳುತ್ತ ಕೂತಳು, ನಾನೂ ಕೇಳುತ್ತ ನಿಂತೆ. ಅಂವನ ಅಂತ ಗೊತ್ತೇನು ನಿನಗ. ಇಲ್ಲವ್ವಾ. ಅಲ್ಲ ಅಂತ ಗೊತ್ತೇನು. ಇಲ್ಲ. ಹಂಗಾದರ ಆಕಿಗೆ ಏನೂ ಹೇಳಬ್ಯಾಡ, ಬಳಿ ಇರಲಿ. ಎದ್ದಳು, ಮೊಣಕಾಲು ಹಿಡಿದುಕೊಂಡು, ನಿಚ್ಚಣಿಕೆಗೆ ಕಾಲಿಟ್ಟವಳು ತಿರುಗಿ ನೋಡದೆ ಹೇಳಿದಳು, ನಾಡದ ಅಮಾಸಿಗೆ ಎಡಿ ಒಂದು ಹೆಚ್ಚಿಗಿ ಇಡತೀನಿ, ಯಾರದಂತ ಕೇಳಬ್ಯಾಡ, ಬಿದ್ದಂವ ಯಾರದರ ಮಗಾ ಇದ್ದನಲ್ಲ.

ಇಳಿದುಹೋದಳು, ಈಗ ಒಲೆಯ ಮುಂದೆ ನೀಲವ್ವನ ಪಕ್ಕ ಕೂತಿರುತ್ತಾಳೆ, ಹಿಟ್ಟು ಸಾಕಾತೇನವಾ ಎಂದು ಕೇಳುತ್ತಿರುತ್ತಾಳೆ, ಅವಳ ದನಿ ದಿನದ ಹಾಗೆಯೇ ಇದೆ, ನನಗೆ ಅದನ್ನು ಕೇಳಿ ತಾಳಲಾಗುತ್ತಿಲ್ಲ, ಕಣ್ಣು ಹಚ್ಚುತ್ತೇನೆ, ನೋಡಲೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು, ನೋಡು, ಬಾಲ, ಬಾಲದ ಬುಡದಲ್ಲಿ ತಲೆ, ಬೆಳ್ಳಗೆ, ದುಂಡಗೆ — ಚುಕ್ಕಿ ಮುಳುಗುವ ಹೊತ್ತಾಯಿತು, ಪಡುವಣಕ್ಕೆ, ನರಗುಂದದ ಕಡೆಗೆ ಇಳಿಯುತ್ತಿದೆ, ಇಳಿಯುತ್ತಿದ್ದರೆ ಕನ್ನಡಿಯಲ್ಲಿ ಏರಬೇಕು, ಏರುತ್ತಿದೆ, ಕೊಳವೆಯನ್ನು ಸರಿಸಿ ಹಿಂದಕ್ಕೆ ತರುತ್ತೇನೆ, ಮತ್ತೆ ಏರುತ್ತದೆ, ಸರಿಸುತ್ತೇನೆ, ಏರುತ್ತದೆ, ಕೈ ಬಿಟ್ಟೆ, ಬಿಳೀ ಚುಕ್ಕಿ ಕತ್ತಲಿನ ಮುಖದ ಮೇಲೆ ನೆಟ್ಟಗೆ ಮೇಲಕ್ಕೆ, ತೇಲದೆ, ಮೇಲಕ್ಕೆ, ಬಿಳೀ ಚುಕ್ಕಿ, ಮೇಲಕ್ಕೆ